ಎಡಗೈ ರೊಟ್ಟಿ

ಬೆಳಿಗ್ಗೆ ಜಲಜಳ ರವಿಕೆಗೆ ಹುಕ್ಕು ಹಾಕುವುದು ಮಗಳು ಪೂಜಿತಾ. ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಅವಳು ದೋಸೆಯನ್ನು ಬಾಯಲ್ಲಿ ಕಚ್ಚಿಕೊಂಡೇ ಅಮ್ಮನ ಹುಕ್ಕು ಹಾಕುತ್ತಾಳೆ, ತಲೆ ಬಾಚುತ್ತಾಳೆ, ಮುಡಿ ಕಟ್ಟುತ್ತಾಳೆ. ಊರಲ್ಲಿ ತಾಯಂದಿರು ಮಕ್ಕಳಿಗೆ ಮಾಡುವ ಕೆಲಸ ಈ ಮನೆಯಲ್ಲಿ ತಿರುಗಾಮುರುಗಾ. ಹಾಗಂತ ಜಲಜ ಮುದುಕಿಯಲ್ಲ, ನಲವತ್ತು ದಾಟಿ ಸ್ವಲ್ಪ ಆಗಿದೆ ಅಷ್ಟೆ. ಹಲ್ಲೆಲ್ಲ ಗಟ್ಟಿ, ನಾಲಗೆ ಅದಕ್ಕಿಂತ ಗಟ್ಟಿ. ಬಲಗೈ ಮಾತ್ರ ಭುಜದಿಂದ ಮೇಲಕ್ಕೆ ಏಳುವುದಿಲ್ಲ.

ಆ ಕೈಯನ್ನು ತಿಂದದ್ದು ರೊಟ್ಟಿ. ಸಾಸ್ತಾನದ ಹೆದ್ದಾರಿ ಬದಿಯಲ್ಲಿ ರಾಜೀವ ಶೆಟ್ಟರ ರೊಟ್ಟಿ ಶೆಡ್ಡಿದೆ. ಕೋಳಿ ಸಾರಿಗೆ ಮುರಿದು ಹಾಕಿಕೊಳ್ಳುವ ಗರಿಗರಿ ಅಕ್ಕಿ ರೊಟ್ಟಿ. ಶೆಟ್ಟರ ಅಣ್ಣತಮ್ಮಂದಿರ ಹೋಟೆಲುಗಳು ಮುಂಬಯಿಯಲ್ಲಿವೆ, ಸಂಜೆಯ ಬಸ್ಸಿಗೆ ರೊಟ್ಟಿಯ ಡಬ್ಬಗಳು ಹೋಗುತ್ತವೆ. ಉಳಿದದ್ದು ಹೆದ್ದಾರಿಯಲ್ಲಿ ಹೋಗುವ ಕಾರಿನವರಿಗೆ. ಶೆಡ್ಡಿನ ಎದುರು ಗೋಡೆ ಇಲ್ಲ, ಬೇಕೆಂದೇ ಇಟ್ಟಿಲ್ಲ. ಬೆವರು ಸುರಿಸಿಕೊಂಡು ಹೆಂಗಸರು ರೊಟ್ಟಿ ಒತ್ತುವುದನ್ನು ಗಿರಾಕಿಗಳು ನಿಂತು ನೋಡಬೇಕು, ನೋಡಿ ಬಾಯಲ್ಲಿ ನೀರೂರಬೇಕು ಎಂಬುದು ಶೆಟ್ಟರ ಉಪಾಯ. 'ಯಂತ್ರವಿಲ್ಲ, ಕೈಯಿಂದಲೇ ಮಾಡಿದ್ದು' ಎಂದು ದೊಡ್ಡ ಬೋರ್ಡು ಬೇರೆ. ಯಾರ ಕೈ ಎಂದು ಬೋರ್ಡಿನಲ್ಲಿ ಬರೆದಿಲ್ಲ.

ಕೆಲಸ ಹೇಳುವುದಕ್ಕೆ ಸುಲಭ. ಸಾಲಾಗಿ ಕಟ್ಟಿಗೆ ಒಲೆಗಳು. ಒಲೆಯ ಮೇಲೆ ದಪ್ಪ ಕಬ್ಬಿಣದ ಕಾವಲಿ, ಅದಕ್ಕೆ ಅಷ್ಟೇ ದಪ್ಪದ ಮುಚ್ಚಳ, ಮುಚ್ಚಳಕ್ಕೊಂದು ಹಿಡಿಕೆ. ಜೊತೆಯ ಕೆಲಸದವಳು ಪದ್ದು ಹಿಟ್ಟಿನ ಉಂಡೆ ತಂದು ಕಾವಲಿಯ ನಡುವೆ ಇಡುತ್ತಾಳೆ. ಜಲಜ ಮುಚ್ಚಳ ಇಳಿಸಿ, ಹಿಡಿಕೆಯ ಮೇಲೆ ಮೈಯೆಲ್ಲ ಬಿಟ್ಟು ಒತ್ತುತ್ತಾಳೆ. ಹಿಟ್ಟು ಚುರ್ ಎನ್ನುತ್ತದೆ. ಹಿಡಿಕೆ ಎತ್ತಿ, ತೆಳ್ಳಗಾದ ರೊಟ್ಟಿಯನ್ನು ಎಬ್ಬಿಸಿ ಪಕ್ಕಕ್ಕೆ ಹಾಕುತ್ತಾಳೆ. ಪುನಃ ಉಂಡೆ, ಪುನಃ ಒತ್ತು. ಬೆಳಗಿನಿಂದ ಸಂಜೆಯ ಬಸ್ಸಿನವರೆಗೆ ಇದೇ. ಒಲೆ ಕಟ್ಟಿಸಿದವರು ಮುಂಬಯಿ ಹೋಟೆಲಿನ ಗಂಡಸು ಅಡುಗೆಯವರ ಎತ್ತರಕ್ಕೆ ಕಟ್ಟಿಸಿದ್ದರು. ಹೆಂಗಸರು ತುದಿಗಾಲಲ್ಲಿ ನಿಂತು, ಭುಜವನ್ನು ಕಿವಿಯವರೆಗೆ ಎಳೆದುಕೊಂಡು ಒತ್ತಬೇಕು.

ಅಷ್ಟೂ ಕೆಲಸ ಬಲಗೈಗೆ. ಎಡಗೈ ಸೊಂಟದ ಮೇಲೆ ಆರಾಮಾಗಿ ಕೂತಿರುತ್ತಿತ್ತು. ಹಾಗೆ ಇಡಿ ಎಂದು ಯಾರೂ ಕಲಿಸಿದ್ದಲ್ಲ. ಅನ್ನಕ್ಕೆ ಬಲಗೈ, ಇನ್ನೊಂದಕ್ಕೆ ಎಡಗೈ ಎಂದು ಇಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲೇ ಕಲಿಸಿರುತ್ತಾರೆ. ಬಲಗೈ ಸೋತಾಗ ಎಡಗೈಯಲ್ಲಿ ಒತ್ತಬಹುದು ಎಂಬ ಯೋಚನೆಯೇ ಆ ಶೆಡ್ಡಿನಲ್ಲಿ ಒಬ್ಬರ ತಲೆಗೂ ಬಂದಿರಲಿಲ್ಲ. ಜಲಜಳ ತಲೆಗೂ ಬಂದಿರಲಿಲ್ಲ. ಅವಳು ಕಾಯಿಸಿದ ಎಣ್ಣೆ ತಿಕ್ಕಿದಳು, ಹುಣಸೆ ಎಲೆ ಬೇಯಿಸಿ ಶಾಖ ಕೊಟ್ಟಳು, ನಾಗದೇವರಿಗೆ ಹರಕೆ ಹೇಳಿಕೊಂಡಳು. ಕೋಟದ ಡಾಕ್ಟ್ರು ಕೈ ಹಿಡಿದು ತಿರುಗಿಸಿ, ಕೆಲಸ ಬಿಡಬೇಕು ಎಂದರು. ಬಿಟ್ಟರೆ ಹೊಟ್ಟೆಗೆ ಯಾವ ಮಾತ್ರೆ ಎಂದು ಜಲಜ ಕೇಳಿದಳು. ಡಾಕ್ಟ್ರು ನಕ್ಕು ನೋವಿನ ಮಾತ್ರೆ ಬರೆದರು.

ಉಣ್ಣುವಾಗ ಕೈ ಬಾಯಿಗೆ ಬರುವುದೇ ಕಷ್ಟವಾದಾಗ ಒಂದು ದಿನ ಎಡಗೈಯಲ್ಲಿ ಗಂಜಿ ಉಂಡಳು. ಗಂಡ ಸುಬ್ಬ ಆವತ್ತು ಬೋಟಿನಿಂದ ಬಂದು ಮನೆಯಲ್ಲಿದ್ದ.

"ಎಡ್ಗೈಯಗೆ ಉಂಬುದಾ? ಮನಿಗ್ ದರಿದ್ರ ಬತ್ತ್ ಮಾರಾಯ್ತಿ" ಎಂದ.

"ಹಂಗಾರೆ ನೀವೇ ಉಣ್ಸಿ" ಎಂದಳು ಜಲಜ.

ಸುಬ್ಬ ಪಾಪ ಉಣಿಸಿದ. ಮಗಳು ನಗುತ್ತಾಳೆಂದು ನಾಚಿಕೊಂಡು, ಗಂಜಿಯೆಲ್ಲ ಹೆಂಡತಿಯ ಗಲ್ಲದ ಮೇಲೆ ಚೆಲ್ಲಿಕೊಂಡು ಉಣಿಸಿದ. ಮರುದಿನ ಮೀನಿಗೆ ಹೋದ. ಆಮೇಲೆ ಯಾವ ಕೈಯಲ್ಲಿ ಉಂಡೆ ಎಂದು ಕೇಳುವ ಧೈರ್ಯ ಮಾಡಲಿಲ್ಲ.

ಹೆದ್ದಾರಿ ಅಗಲ ಮಾಡುತ್ತಾರಂತೆ ಎಂದು ಊರೆಲ್ಲ ಮಾತಾಡುತ್ತಿದ್ದ ಆ ವರ್ಷ ಶೆಟ್ಟರ ಮಗಳು ಶ್ರಾವ್ಯ ಓದು ಮುಗಿಸಿ ಬಂದಳು. ಕೈಕಾಲು ನೋವಿಗೆ ವ್ಯಾಯಾಮ ಹೇಳಿಕೊಡುವ ಓದು. ಅಪ್ಪನ ಶೆಡ್ಡಿನಲ್ಲೇ ಆರೋಗ್ಯ ಶಿಬಿರ ಮಾಡುತ್ತೇನೆಂದಳು. ಶೆಟ್ಟರಿಗೂ ಖುಷಿ. ಬ್ಯಾನರು ಕಟ್ಟಿಸಿದರು, ಪೇಪರಿನವರನ್ನು ಕರೆಸಿದರು, ಹೆಂಗಸರಿಗೆ ಲಿಂಬೆ ಶರಬತ್ತು ಕೊಟ್ಟರು. ಅಷ್ಟು ವರ್ಷದಲ್ಲಿ ಆ ಶೆಡ್ಡಿನಲ್ಲಿ ಕೆಲಸದವರಿಗೆ ಸಿಕ್ಕಿದ ಮೊದಲ ಶರಬತ್ತು ಅದು.

ಹುಡುಗಿ ಒಳ್ಳೆಯವಳು. ಅದನ್ನು ಹೇಳಲೇಬೇಕು. ಅವಳು ಒಬ್ಬೊಬ್ಬರ ಕೈ ಮುಟ್ಟಿ ನೋಡಿದಳು. ರೊಟ್ಟಿ ಒತ್ತುವ ಹರಿಣಾಕ್ಷಿಯ ಬೆರಳುಗಳು ಜೋಮು ಹಿಡಿದದ್ದು, ಪದ್ದುವಿನ ಮಣಿಗಂಟು ಊದಿದ್ದು, ಜಲಜಳ ಭುಜ ಹೂತುಹೋದದ್ದು, ಎಲ್ಲ ನೋಡಿದಳು. ನೋಡುತ್ತ ಅವಳ ಮುಖ ಸಣ್ಣದಾಯಿತು. ಇದು ರೋಗ ಅಲ್ಲ, ಒಂದೇ ಕೆಲಸವನ್ನು ಒಂದೇ ಕೈಯಲ್ಲಿ ಬಿಡುವಿಲ್ಲದೆ ಮಾಡಿದ್ದಕ್ಕೆ ನರ, ಸ್ನಾಯು ಎಲ್ಲ ಸವೆದಿದೆ ಎಂದಳು. ಗಂಟೆಗೊಮ್ಮೆ ಕೈ ಬಿಟ್ಟು ಕೂತುಕೊಳ್ಳಬೇಕು, ಕಾಲ ಕೆಳಗೆ ಹಲಗೆ ಹಾಕಿ ಎತ್ತರ ಸರಿ ಮಾಡಬೇಕು, ಒಬ್ಬರೇ ದಿನವಿಡೀ ಒತ್ತಬಾರದು, ಕೆಲಸ ಬದಲಾಯಿಸುತ್ತ ಇರಬೇಕು ಎಂದು ಒಂದೊಂದಾಗಿ ತಿಳಿಸಿದಳು. ಕೊನೆಗೆ ಜಲಜಳ ಹತ್ತಿರ ಬಂದು ನಿಂತಳು.

"ಅಕ್ಕ, ಇನ್ ಬಲ್ಗೈಯಗೆ ಒಂದೇ ಒತ್ಬೇಡಿ. ಆಚಿ ಬದಿಯಗೆ ನಿತ್ಕಂಡ್ ಎಡ್ಗೈಯಗೂ ಒತ್ತಿ. ಇಲ್ದಿರೆ ಈ ಕೈ ಪೂರಾ ಹೋತ್ತ್."

ಎಡಗೈಯಲ್ಲಿ ರೊಟ್ಟಿಯೇ? ಪದ್ದು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಜಲಜಳಿಗೂ ಮೈ ಜುಂ ಎಂದಿತು. ಆದರೆ ಹೇಳಿದ್ದು ಶೆಟ್ಟರ ಮಗಳು, ಪಕ್ಕದಲ್ಲಿ ಶೆಟ್ಟರೇ ನಿಂತು ತಲೆಯಾಡಿಸುತ್ತಿದ್ದರು. ತಲೆಯಾಡಿಸುವ ಫೋಟೋ ಪೇಪರಿನಲ್ಲೂ ಬಂತು. 'ಕಾರ್ಮಿಕರ ಆರೋಗ್ಯವೇ ನಮ್ಮ ಭಾಗ್ಯ' ಎಂದು ಶೆಟ್ಟರು ಹೇಳಿದರಂತೆ. ಶ್ರಾವ್ಯ ಆ ವಾರವೇ ಕೆಲಸ ಸಿಕ್ಕಿ ಮಂಗಳೂರಿಗೆ ಹೋದಳು.

ಜಲಜ ಆ ರಾತ್ರಿ ಎಡಗೈಯನ್ನು ಚೆನ್ನಾಗಿ ನೋಡಿಕೊಂಡಳು. ಎಲ್ಲರ ಕೈಯ ಹಾಗೆಯೇ ಇತ್ತು. ಅದಕ್ಕೂ ಐದು ಬೆರಳು. ಏನು ಪಾಪ ಮಾಡಿತ್ತು ಅದು? ದಿನಾ ಬೆಳಿಗ್ಗೆ ಎಲ್ಲರ ಎಡಗೈಯೂ ಮಾಡುವ ಕೆಲಸವನ್ನು ಶೆಟ್ಟರ ಎಡಗೈ ಮಾಡದೆ ಇದ್ದಿದ್ದರೆ ಅವರ ಮನೆತನದ ಘನತೆ ಊರಿಗೆಲ್ಲ ನಾರುತ್ತಿತ್ತು. ಹೀಗೆ ಯೋಚನೆ ಬಂದದ್ದೇ ಜಲಜಳಿಗೆ ಒಬ್ಬಳಿಗೇ ನಗು ಬಂತು. ಬೆಳಿಗ್ಗೆ ಹೊಸ ಲೈಫ್‌ಬಾಯ್ ಸೋಪು ಬಿಚ್ಚಿ ಎಡಗೈಯನ್ನು ಮೊಣಕೈವರೆಗೆ ತಿಕ್ಕಿ ತೊಳೆದು ಶೆಡ್ಡಿಗೆ ಹೋದಳು.

ಕಾಲ ಕೆಳಗಿಡಲು ಸುಬ್ಬನ ಹಳೆಯ ಮೀನಿನ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋಗಿದ್ದಳು. ಅದನ್ನು ಶೆಟ್ಟರ ಹೆಂಡತಿ ಗಿರಿಜಮ್ಮ ಬಾಗಿಲಲ್ಲೇ ತಡೆದರು. ಶೆಡ್ಡಿನ ಯಜಮಾನಿಕೆ ಅವರದು. ಶೆಟ್ಟರು ಫೋಟೋಕ್ಕೆ, ಗಿರಿಜಮ್ಮ ಕೆಲಸಕ್ಕೆ. ಮೀನಿನ ವಾಸನೆ ರೊಟ್ಟಿಗೆ ಹಿಡಿಯುತ್ತದೆ, ಆಚೆ ಬಿಸಾಡು ಎಂದರು. ಕೋಳಿಯ ಜೊತೆ ತಿನ್ನುವ ರೊಟ್ಟಿಗೆ ಮೀನಿನ ಮೈಲಿಗೆ ಹೇಗಾಗುತ್ತದೋ ಜಲಜಳಿಗೆ ತಿಳಿಯಲಿಲ್ಲ. ಪೆಟ್ಟಿಗೆ ಆಚೆ ಹೋಯಿತು. ಎಡಗೈ ಮಾತ್ರ ಒಳಗೆ ಬಂತು.

ಮೊದಲ ದಿನ ರೊಟ್ಟಿ ಸೊಟ್ಟಗಾಯಿತು. ಆಮೇಲೆ ಸರಿಯಾಯಿತು. ಎಡಗೈ ಕಲಿಯಿತು. ಬಲಗೈಗೆ ಉಸಿರು ಬಂದ ಹಾಗಾಯಿತು. ಒಂದು ದಿನ ಬೆಳಿಗ್ಗೆ ಜಲಜ ರವಿಕೆಯ ಕೆಳಗಿನ ಹುಕ್ಕು ತಾನೇ ಹಾಕಿಕೊಂಡಳು, ಸಂತೋಷ ತಡೆಯಲಾರದೆ ಮಗಳನ್ನು ಕೂಗಿ ತೋರಿಸಿದಳು. ಹರಿಣಾಕ್ಷಿಯೂ ಎಡಗೈ ಹಚ್ಚಿದಳು. ಪೆಟ್ಟಿಗೆ ತಡೆದ ದಿನವೇ ಗಿರಿಜಮ್ಮ ತವರಿನ ಮದುವೆಗೆಂದು ಬೈಂದೂರಿಗೆ ಹೋಗಿದ್ದರಿಂದ ಇದನ್ನು ತಡೆಯುವವರಿರಲಿಲ್ಲ.

ಗಿರಿಜಮ್ಮ ಮರಳಿ ಬಂದ ದಿನವೇ ಒಂದು ದೊಡ್ಡ ಕಾರು ಬಂದು ನಿಂತಿತು. ಮುಂಬಯಿಯವರು, ಊರಿನ ದೇವಸ್ಥಾನಕ್ಕೆ ಬಂದವರು. ಕಾರಿಂದಿಳಿದ ಅಜ್ಜಿಯೊಬ್ಬರು ಸ್ವಲ್ಪ ಹೊತ್ತು ನೋಡಿ, ಮುಖ ಕಿವುಚಿ ಕೇಳಿದರು.

"ಗಿರಿಜಾ, ಎಂತ ಇದ್? ನಿಮ್ಮಲ್ಲಿ ಎಡ್ಗೈಯಗೆ ಅಡ್ಗಿ ಮಾಡುದಾ?"

ಗಿರಿಜಮ್ಮ ತಿರುಗಿ ನೋಡಿದರು. ಜಲಜಳ ಎಡಗೈ ಹಿಡಿಕೆಯ ಮೇಲಿತ್ತು. ತೆಗೆಯಬೇಕೆಂದರೆ ಮುಚ್ಚಳ ಅರ್ಧದಲ್ಲಿತ್ತು, ಬಿಟ್ಟರೆ ಪದ್ದುವಿನ ಬೆರಳು ಅಡಿಗೆ. ಅವಳು ತೆಗೆಯಲಿಲ್ಲ. ಗಿರಿಜಮ್ಮ ಬಂದವರೇ ಅಂದು ಬೆಳಗಿನಿಂದ ಜಲಜ ಒತ್ತಿಟ್ಟಿದ್ದ ರೊಟ್ಟಿಗಳನ್ನೆಲ್ಲ ಎತ್ತಿ ಹೊರಗಿನ ಹಟ್ಟಿಯ ದನಗಳಿಗೆ ಹಾಕಿಸಿದರು. ಗಿರಾಕಿಗಳ ಎದುರೇ ಜಲಜಳ ಎಡಗೈಯ ಮಣಿಗಂಟು ಹಿಡಿದು ಎತ್ತಿ ತೋರಿಸಿದರು, ಕದ್ದ ಮಾಲು ತೋರಿಸುವಂತೆ.

"ಈ ಕೈಯಗೆ ಎಂತ ಮಾಡ್ತೆ ನೀನ್, ಹೇಳ್ ಕಾಂಬ" ಎಂದರು.

ಕಾರಿನ ಮಕ್ಕಳು ಕಿಸಕ್ಕೆಂದರು. ಜಲಜಳಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಚಿಕ್ಕಮ್ಮ ಹೇಳಿದ್ದರು ಎಂದು ಸಣ್ಣ ದನಿಯಲ್ಲಿ ಹೇಳಿದಳು. ಚಿಕ್ಕಮ್ಮ ಎಂದರೆ ಶ್ರಾವ್ಯ. ಅವಳಿಗೆ ಕೈಕಾಲಿನ ವಿಷಯ ಗೊತ್ತು, ಆಚಾರದ ವಿಷಯ ಗೊತ್ತಿಲ್ಲ ಎಂದು ಗಿರಿಜಮ್ಮ ಮಗಳನ್ನು ಒಂದೇ ಮಾತಿಗೆ ಬದಿಗೆ ತಳ್ಳಿದರು. ಹಿಟ್ಟು ನಾದುವಾಗ ಎರಡೂ ಕೈ ಬಳಸುತ್ತೇವಲ್ಲ, ಆಗ ಮೈಲಿಗೆ ಇಲ್ಲವೇ ಎಂದು ಕೇಳಿದ್ದು ಹರಿಣಾಕ್ಷಿ. ಅದಕ್ಕೂ ಉತ್ತರ ಇತ್ತು. ಒಲೆ ಕಾಣುವ ಮೊದಲು ಅದು ಬರೀ ಹಿಟ್ಟು. ಒಲೆ ಕಂಡ ಮೇಲೆ ಅನ್ನ. ಅನ್ನಕ್ಕೆ ಎಡಗೈ ತಾಗುವ ಹಾಗಿಲ್ಲ.

ಮರುದಿನದಿಂದ ಹೊಸ ಕಾನೂನು. ಒತ್ತುವ ಹೆಂಗಸರು ಎಡಗೈಯನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಗಿರಾಕಿಗಳಿಗೆ ಕಾಣಬೇಕು, ಎಡಗೈ ಕಟ್ಟಿದೆ ಎಂದು. ಜಲಜಳ ಸೆರಗನ್ನು ಮೊದಲ ದಿನ ಗಿರಿಜಮ್ಮನೇ ಸುತ್ತಿ, ಸಿಕ್ಕಿಸಿ, ಗಟ್ಟಿ ಇದೆಯಾ ಎಂದು ಎಳೆದು ನೋಡಿದರು. ಹಟ್ಟಿಯಲ್ಲಿ ಹಸುವಿನ ಹಗ್ಗವನ್ನೂ ಅವರು ಹೀಗೆಯೇ ಎಳೆದು ನೋಡುತ್ತಿದ್ದರು. ಜಲಜಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಆದರೆ ಪೂಜಿತಾಳ ಫೀಸು ಕಟ್ಟುವ ತಿಂಗಳು ಅದು. ಸಿಟ್ಟನ್ನು ನುಂಗಿ ಬಲಗೈಯಲ್ಲಿ ಒತ್ತಿದಳು.

ಒತ್ತಲಾದಷ್ಟು ದಿನ ಒತ್ತಿದಳು. ನವರಾತ್ರಿ ಶುರುವಾದ ವಾರ ಒಂದು ಮಧ್ಯಾಹ್ನ ಹಿಡಿಕೆ ಕೈಯಿಂದ ಜಾರಿತು. ಜಾರಿತು ಎನ್ನುವುದು ಸರಿಯಲ್ಲ, ಕೈ ಬಿಟ್ಟಿತು. ಹಿಡಿ ಎಂದು ಅವಳು ಹೇಳುತ್ತಿದ್ದಳು, ಬೆರಳು ಕೇಳಲಿಲ್ಲ. ಮುಚ್ಚಳ ದಡಾರನೆ ಬಿದ್ದು ಹಿಟ್ಟು ಸಿಡಿಯಿತು. ಸೆರಗಿನಲ್ಲಿ ಕಟ್ಟಿದ್ದ ಎಡಗೈ ಒಳಗೇ ಒದ್ದಾಡಿತು, ಬರಲಾಗಲಿಲ್ಲ. ಕೆನ್ನೆಯ ಮೇಲೆ ಬಿಸಿ ಹಿಟ್ಟು ಅಂಟಿತು. ಅದನ್ನು ಒರೆಸಿಕೊಳ್ಳಲು ಕೂಡ ಅವಳಿಗೊಂದು ಕೈ ಇರಲಿಲ್ಲ. ಹರಿಣಾಕ್ಷಿ ಓಡಿ ಬಂದು ಒರೆಸಿದಳು.

ಗಿರಿಜಮ್ಮ ಕೆಟ್ಟವರಂತೆ ಮಾತಾಡಲಿಲ್ಲ. ಅವರು ಕೆಟ್ಟ ಕೆಲಸವನ್ನು ಯಾವಾಗಲೂ ಒಳ್ಳೆಯ ದನಿಯಲ್ಲೇ ಮಾಡುತ್ತಾರೆ. ಒಳಗೆ ಕರೆದು, ಕೆನ್ನೆಗೆ ತುಪ್ಪ ಹಚ್ಚಿಸಿ, ಕೂಕೋ ಎಂದರು. ಇಷ್ಟು ವರ್ಷ ದುಡಿದವಳನ್ನು ಬೀದಿಗೆ ಹಾಕುವುದಿಲ್ಲ ಎಂದರು. ಆಯುಧಪೂಜೆ ಕಳೆದ ಮೇಲೆ ನೀನು ಅಂಗಳ ಗುಡಿಸು, ಹಟ್ಟಿಯ ಸಗಣಿ ಬಾಚು, ಪಾಯಿಖಾನೆ ತೊಳಿ ಎಂದರು. ಸಂಬಳ ಕಮ್ಮಿಯಾದರೂ ಕೈಗೆ ಹಗುರ.

"ಗುಡ್ಸುಕೆ ಎಡ್ಗೈ ಆತ್ತ್. ಅದ್ಕೆಲ್ಲ ತೊಂದ್ರಿ ಇಲ್ಲೆ" ಎಂದರು.

ಅಂಗಳ ಗುಡಿಸಲು ಮುತ್ತು ಇದ್ದಾಳಲ್ಲ ಎಂದು ಜಲಜ ಕೇಳಿದಳು. ಮುತ್ತುವಿಗೆ ಹಬ್ಬದ ಮೇಲೆ ಬರಬೇಡ ಎಂದು ಹೇಳಿ ಆಗಿದೆ ಎಂದರು.

ಮುತ್ತು ಗುಡ್ಡೆಯ ಮೇಲಿನ ಕಾಲನಿಯವಳು. ಕಟ್ಟಿಗೆ ಒಡೆದು, ಹೊತ್ತು ತಂದು ಶೆಡ್ಡಿನ ಹೊರಗೆ ರಾಶಿ ಹಾಕುವುದು ಅವಳು. ಅಂಗಳ, ಹಟ್ಟಿ, ಪಾಯಿಖಾನೆ ಅವಳದು. ಶೆಡ್ಡಿನ ಹೊಸ್ತಿಲು ಮಾತ್ರ ಅವಳದಲ್ಲ. ಅವಳು ತಂದ ಕಟ್ಟಿಗೆ ಒಳಗೆ ಹೋಗಿ ಬೆಂಕಿಯಾಗುತ್ತದೆ, ಅವಳು ಹೋಗುವಂತಿಲ್ಲ. ಅವಳ ಜಾತಿಗೆ ಒಲೆಯ ಹತ್ತಿರ ಜಾಗ ಇಲ್ಲ. ಜಲಜಳೇ ಎಷ್ಟೋ ಸಲ ಅವಳ ಕೈಗೆ ಮೇಲಿನಿಂದ ನೀರು ಹೊಯ್ದಿದ್ದಾಳೆ, ಚೆಂಬು ಕೊಟ್ಟಿಲ್ಲ. ಅದು ತಪ್ಪು ಎಂದು ಯಾವತ್ತೂ ಅನಿಸಿದ್ದಿಲ್ಲ. ಗಿರಿಜಮ್ಮನಿಗೆ ಎಡಗೈ ಹೇಗೋ, ಜಲಜಳಿಗೆ ಮುತ್ತು ಹಾಗೆ.

ಆವತ್ತು ಸಂಜೆ ಜಲಜ ಬಾವಿಕಟ್ಟೆಯಲ್ಲಿ ಕೂತು ಎಲ್ಲ ಹೇಳಿದಳು. ಹರಿಣಾಕ್ಷಿ, ಪದ್ದು, ಉಳಿದ ಹೆಂಗಸರು ಸುತ್ತ ನಿಂತಿದ್ದರು. ಮುತ್ತು ಆಚೆ ತೆಂಗಿನ ಬುಡದಲ್ಲಿ ಕೊಡಲಿ ಒರೆಸುತ್ತಿದ್ದಳು. ನೀನು ಸುಮ್ಮನೆ ಒಪ್ಪಿಕೋ, ಮುತ್ತುವಿಗೆ ಬೇರೆ ಅಂಗಳ ಸಿಗುತ್ತದೆ, ಗುಡಿಸುವವರಿಗೆ ಊರಲ್ಲಿ ಕಸ ಕಮ್ಮಿಯೇ ಎಂದಳು ಪದ್ದು. ಮಾತು ಸುಳ್ಳಲ್ಲ. ಜಲಜಳಿಗೂ ಒಂದು ಗಳಿಗೆ ಹೌದೆನಿಸಿತು. ಮಗಳ ಫೀಸು ಕಣ್ಣ ಮುಂದೆ ಬಂತು. ಆಮೇಲೆ ಅವಳು ಕೂತಲ್ಲಿಂದ ಎದ್ದು ತೆಂಗಿನ ಬುಡಕ್ಕೆ ಹೋದಳು. ನನಗೂ ಎಡಗೈಯ ಕೆಲಸ ಕೊಟ್ಟಿದ್ದಾರೆ ಎಂದಳು.

ಮುತ್ತು ಕೊಡಲಿ ಕೆಳಗಿಟ್ಟಳು. ಅವಳ ಬಲ ಅಂಗೈ ಮಡಚಿ ಹಾಗೆಯೇ ನಿಂತಿತ್ತು, ಬೆರಳು ಪೂರ್ತಿ ಬಿಚ್ಚುತ್ತಿರಲಿಲ್ಲ. ಶಿಬಿರದ ದಿನ ಶ್ರಾವ್ಯ ಎಲ್ಲರ ಕೈ ನೋಡಿದಾಗ ಆ ಕೈ ಯಾರಿಗೂ ನೆನಪಾಗಿರಲಿಲ್ಲ. ಶರಬತ್ತು ಕೂಡ ಅಲ್ಲಿಯವರೆಗೆ ಹೋಗಿರಲಿಲ್ಲ.

"ನಿಮ್ಗ್ ಒಂದಾರೂ ಬಲ್ಗೈ ಇದ್ದಿತ್ತ್ ಅಮ್ಮ" ಎಂದಳು ಮುತ್ತು. "ಇವ್ರ್ ಲೆಕ್ಕದಗೆ ನನ್ನ್ ಎರಡೂ ಎಡ್ಗೈಯೇ."

ಹೇಳಿ ನಕ್ಕಳು. ಅಳುವ ಮಾತಿಗೆ ನಗುವುದು ಅವಳ ರೂಢಿ. ಜಲಜಳಿಗೆ ನಗು ಬರಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು, ಈ ಸಲ ನುಂಗಲು ಆಗದಷ್ಟು ದೊಡ್ಡ ಸಿಟ್ಟು. ಬಾವಿಕಟ್ಟೆಗೆ ವಾಪಸು ಬಂದು, ನಾನು ಪೊರಕೆ ಹಿಡಿಯುವುದಿಲ್ಲ ಎಂದಳು. ಕೈ ಕಟ್ಟಿಕೊಂಡು ಒತ್ತುವುದೂ ಇಲ್ಲ. ಆಯುಧಪೂಜೆಯ ಮೊದಲ ರೊಟ್ಟಿ ಒತ್ತಲು ನನ್ನನ್ನು ಕರೆಯುತ್ತಾರೆ, ಆಗ ಹೇಳುತ್ತೇನೆ, ನೀವು ನನ್ನ ಜಾಗಕ್ಕೆ ಹೋಗದಿದ್ದರೆ ಸಾಕು ಎಂದಳು. ಹರಿಣಾಕ್ಷಿ ತಲೆಯಾಡಿಸಿದಳು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪದ್ದು ಕೊಡ ಎತ್ತಿಕೊಂಡು ಮನೆಗೆ ಹೋದಳು.

ಆಯುಧಪೂಜೆಗೆ ಆ ಶೆಡ್ಡಿನಲ್ಲಿ ಒಂದು ಪದ್ಧತಿ. ಒಲೆಗಳಿಗೆ ಸಗಣಿ ಸಾರಿಸಿ, ಕಾವಲಿ ಹಿಡಿಕೆಗಳಿಗೆ ಸೇವಂತಿಗೆ ಸುತ್ತಿ, ಭಟ್ಟರು ಆರತಿ ಎತ್ತಿದ ಮೇಲೆ ಎಲ್ಲರಿಗಿಂತ ಹಳೆಯ ಕೆಲಸದವಳು ಮೊದಲ ರೊಟ್ಟಿ ಒತ್ತಬೇಕು. ಅದು ದೇವರಿಗೆ. ಅದು ಆಗದೆ ಆ ವರ್ಷ ಇನ್ನೊಂದು ರೊಟ್ಟಿ ಒತ್ತುವಂತಿಲ್ಲ. ಮರುದಿನದ ವಿಜಯದಶಮಿಗೆ ಮುಂಬಯಿ ಹೋಟೆಲುಗಳಿಗೆ ಹೊರೆಗಟ್ಟಲೆ ರೊಟ್ಟಿ ಬೇಕು. ಮಡಿ ಮಾಡಿದ ಒಂಬತ್ತು ದಿನದ ಹಸಿವನ್ನೆಲ್ಲ ಜನ ಅವತ್ತು ಕೋಳಿಯ ಮೇಲೆ ತೀರಿಸಿಕೊಳ್ಳುತ್ತಾರೆ. ಅದಕ್ಕೆಂದೇ ಶೆಟ್ಟರು ಒಂದು ಲಾರಿ ಹಿಡಿದಿದ್ದರು, ಅದು ಬೆಳಗ್ಗೆಯೇ ಬಂದು ನಿಂತು ಹಾರನ್ ಹೊಡೆಯುತ್ತಿತ್ತು. ಶ್ರಾವ್ಯ ಕೂಡ ರಜೆಗೆ ಬಂದಿದ್ದಳು.

ಭಟ್ಟರು ಆರತಿ ಎತ್ತಿದರು. ಬೆಂಕಿ ಏರಿತು. ಮುಹೂರ್ತ ಮೀರುತ್ತದೆ, ಬೇಗ ಎಂದರು. ಶೆಟ್ಟರು ಜಲಜಳನ್ನು ಕರೆದರು. ಜಲಜ ಮುಂದೆ ಬಂದಳು. ಪದ್ದು ಉಂಡೆ ಇಟ್ಟಳು. ಜಲಜ ಕಾವಲಿಯ ಎಡಬದಿಗೆ ನಿಂತು, ಸುತ್ತಿದ್ದ ಸೆರಗು ಬಿಚ್ಚಿ, ಎಡಗೈಯನ್ನು ಹೂ ಸುತ್ತಿದ ಹಿಡಿಕೆಯ ಮೇಲಿಟ್ಟಳು.

ಗಿರಿಜಮ್ಮ ಬಲಗೈ ಎಂದರು. ಜಲಜ ಕದಲಲಿಲ್ಲ. ಬಲಗೈ ಎಂದೆ ಎಂದು ದನಿ ಏರಿಸಿದರು. ಜಲಜ ಅವರನ್ನಲ್ಲ, ಶೆಟ್ಟರನ್ನು ನೋಡಿದಳು.

"ಬಲ್ಗೈ ನಿಮ್ಗ್ ಕೊಟ್ಟ್ ಮುಗ್ದಿತ್ತ್ ಶೆಟ್ರೇ. ಅದ್ ನಿಮ್ಮ್ ಹತ್ರವೇ ಇತ್ತ್. ಈಗ ನನ್ನ್ ಹತ್ರ ಇಪ್ಪುದ್ ಇದೊಂದೇ. ಬೇಕಾರೆ ಇದ್ರಗೆ ಒತ್ತುವೆ. ಬ್ಯಾಡ ಅಂದ್ರೆ ಒತ್ತುದಿಲ್ಲೆ."

ಭಟ್ಟರು ಗಂಟೆ ಅಲ್ಲಾಡಿಸುವುದನ್ನು ನಿಲ್ಲಿಸಿದರು. ಅವರ ಎಡಗೈಯಲ್ಲೇ ಗಂಟೆ ಇತ್ತು, ದೇವರಿಗೆ ಆ ಕೈ ನಡೆಯುತ್ತದೆ. ಅಪ್ಪ, ನಾನೇ ಹೇಳಿದ್ದು ಎಂದು ಶ್ರಾವ್ಯ ಬಾಯಿ ತೆರೆದಳು. ತಾಯಿ ನೋಡಿದ ನೋಟಕ್ಕೆ ಬಾಯಿ ಮುಚ್ಚಿದಳು. ಗಿರಿಜಮ್ಮ ಹರಿಣಾಕ್ಷಿಯನ್ನು ಕರೆದರು. ಹರಿಣಾಕ್ಷಿ ಬಂದು ಜಲಜಳ ಪಕ್ಕದಲ್ಲಿ ನಿಂತು ತನ್ನ ಎಡಗೈಯನ್ನೂ ಹಿಡಿಕೆಯ ಮೇಲಿಟ್ಟಳು. ಉಳಿದವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದರು. ಒಬ್ಬಳು ನೆಲ ನೋಡಿದಳು. ಒಬ್ಬಳು ಮಾಡಿನ ಹಂಚು ನೋಡಿದಳು. ಯಾರೂ ಬರಲಿಲ್ಲ. ಪದ್ದುವನ್ನು ಕರೆದಾಗ ಅವಳು, ನನಗೆ ಉಂಡೆ ಕಟ್ಟುವುದು ಮಾತ್ರ ಬರುವುದು ಎಂದಳು. ಹೆದರಿಕೆಗೆ ಹೇಳಿದಳೋ ಬೇಕೆಂದೇ ಹೇಳಿದಳೋ, ಅಂತೂ ಬರಲಿಲ್ಲ.

ಲಾರಿಯವನು ಪುನಃ ಹಾರನ್ ಹೊಡೆದ. ಕಾವಲಿಯ ಮೇಲೆ ಉಂಡೆ ಒಣಗಿ ಬಿರುಕು ಬಿಡುತ್ತಿತ್ತು.

ಆಗ ಗಿರಿಜಮ್ಮ ಸರಿಯಿರಿ ಎಂದರು. ಧರ್ಮಾವರಂ ಸೀರೆಯ ಸೆರಗು ಸಿಕ್ಕಿಸಿ, ಜಲಜಳನ್ನೂ ಹರಿಣಾಕ್ಷಿಯನ್ನೂ ಆಚೆ ನೂಕಿ, ಬಳೆ ತುಂಬಿದ ಬಲಗೈಯಿಂದ ಹಿಡಿಕೆ ಹಿಡಿದರು. ಮುಚ್ಚಳ ಇಳಿಸಿದರು, ಅದು ಸುಲಭ, ತಾನೇ ಬೀಳುತ್ತದೆ. ಒತ್ತಿದರು. ಒತ್ತು ಸಾಲಲಿಲ್ಲ. ತುದಿಗಾಲಲ್ಲಿ ನಿಂತು ಪುನಃ ಒತ್ತಿದರು. ಹಣೆಯ ಕುಂಕುಮ ಕರಗಿ ಮೂಗಿಗೆ ಇಳಿಯಿತು. ಇನ್ನು ಎತ್ತಬೇಕು. ಎತ್ತಿದರು, ಬರಲಿಲ್ಲ. ಒಳಗೆ ರೊಟ್ಟಿ ಕರಟುವ ವಾಸನೆ ಹೊರಟಿತು. ಭಟ್ಟರು ಬೇಗ, ಬೇಗ ಎಂದರು. ಗಿರಿಜಮ್ಮ ಹಲ್ಲು ಕಚ್ಚಿ ಜಗ್ಗಿದರು. ಎಡಗೈ ಹೋಗಿ ಹಿಡಿಕೆ ಹಿಡಿಯಿತು. ಅವರು ಹೇಳಿ ಹೋದದ್ದಲ್ಲ, ಅದು ತಾನಾಗಿ ಹೋಯಿತು. ಎರಡೂ ಕೈಯಿಂದ ಜಗ್ಗಿದ ಮೇಲೆಯೇ ಮುಚ್ಚಳ ಎದ್ದದ್ದು.

ದೇವರ ರೊಟ್ಟಿ ಕಪ್ಪಗೆ ಹೊಗೆಯಾಡುತ್ತಿತ್ತು. ಗಿರಿಜಮ್ಮನ ಎಡಗೈ ಇನ್ನೂ ಹಿಡಿಕೆಯ ಮೇಲಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಅಂಗಳದಲ್ಲಿ ಕಟ್ಟಿಗೆ ಹೊರೆಯ ಪಕ್ಕ ನಿಂತಿದ್ದ ಮುತ್ತು ಮೊದಲು ನಕ್ಕಳು. ಆಮೇಲೆ ಹರಿಣಾಕ್ಷಿ. ಆಮೇಲೆ ಯಾರು ನಕ್ಕರು ಯಾರು ಬಿಟ್ಟರು ಎಂದು ಹೇಳುವಂತಿರಲಿಲ್ಲ, ಲಾರಿಯವನು ಕೂಡ ಇಳಿದು ಬಂದು ಏನೆಂದು ಗೊತ್ತಿಲ್ಲದೆ ನಕ್ಕ. ಗಿರಿಜಮ್ಮ ಕೈಯನ್ನು ಕೆಂಡ ಮುಟ್ಟಿದವರ ಹಾಗೆ ತೆಗೆದು, ಸೆರಗಿನಡಿ ಬಚ್ಚಿಟ್ಟು, ಮನೆಯೊಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಚ್ಚಲಲ್ಲಿ ನೀರು ಹೊಯ್ದುಕೊಳ್ಳುವ ಸದ್ದು ಕೇಳಿತು.

ಶೆಟ್ಟರು ಗಡಿಯಾರ ನೋಡಿದರು, ಲಾರಿ ನೋಡಿದರು. ಕರಟಿದರೂ ದೇವರ ರೊಟ್ಟಿ ಆಯಿತಲ್ಲ, ಇನ್ನು ಎಡಗೈಯೋ ಬಲಗೈಯೋ, ಯಾವುದರಲ್ಲಾದರೂ ಒತ್ತಿ, ಗಾಡಿ ಹೊರಡಬೇಕು ಎಂದರು. ಜಲಜ ಅಲ್ಲಿಗೇ ಬಿಡಲಿಲ್ಲ. ಚಿಕ್ಕಮ್ಮ ಹೇಳಿದ್ದು ಅದೊಂದೇ ಅಲ್ಲ, ಒಬ್ಬರೇ ದಿನವಿಡೀ ಒತ್ತಬಾರದು ಎಂದೂ ಹೇಳಿದ್ದಾರೆ, ಗಂಟೆಗೊಮ್ಮೆ ಕೂತುಕೊಳ್ಳಬೇಕು ಎಂದೂ ಹೇಳಿದ್ದಾರೆ ಎಂದಳು. ಹಾಗೆ ಕೂತರೆ ಕೆಲಸಕ್ಕೆ ಜನ ಎಲ್ಲಿ ಎಂದು ಶೆಟ್ಟರು ಕೇಳಿದರು.

"ಜನ ಅಂಗಳದಗೆ ಇತ್ತ್. ಮುತ್ತು ಒಳ್ಗ್ ಬರ್ಲಿ."

ನಗು ನಿಂತಿತು. ಈಗ ಹೆಂಗಸರೂ ನಗಲಿಲ್ಲ. ಹರಿಣಾಕ್ಷಿ ಜಲಜಳ ಮುಖ ನೋಡಿದಳು. ಒಲಿ ಹತ್ರ ಅವಳಾ ಎಂದು ಪದ್ದು ಪಿಸುಗುಟ್ಟಿದಳು. ಭಟ್ಟರು ದಕ್ಷಿಣೆ ಎತ್ತಿಕೊಂಡು ಆಗಲೇ ಅಂಗಳಕ್ಕೆ ಇಳಿದಿದ್ದರು. ಶೆಟ್ಟರು ಮಗಳನ್ನು ನೋಡಿದರು. ಶ್ರಾವ್ಯ ಮುತ್ತುವಿಗೆ ದಾರಿ ಬಿಟ್ಟು ಒಂದು ಬದಿಗೆ ಸರಿದು ನಿಂತಳು. ಎಂಥದ್ದಾದರೂ ಮಾಡಿಕೊಳ್ಳಿ, ನಾನು ನೋಡಿಲ್ಲ ಎಂದು ಹೇಳಿ ಶೆಟ್ಟರು ಹೋಗಿ ಕಾರಿನಲ್ಲಿ ಕೂತರು, ಕಿಟಕಿಯ ಗ್ಲಾಸು ಏರಿಸಿದರು.

ಮುತ್ತು ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತಿದ್ದಳು. ಅವಳಿಗೆ ಹೆದರಿಕೆ. ಒಳಗಿನವರ ಹೆದರಿಕೆ, ಬೆಂಕಿಯದ್ದಲ್ಲ. ಜಲಜ ಒಂದು ಚೆಂಬಿನಲ್ಲಿ ನೀರು ತುಂಬಿ ತಂದು ಮುತ್ತುವಿನ ಎದುರು ನಿಂತಳು. ಮುತ್ತು ರೂಢಿಯಂತೆ ಬೊಗಸೆ ಒಡ್ಡಿದಳು. ಜಲಜ ನೀರು ಹೊಯ್ಯಲಿಲ್ಲ. ಚೆಂಬನ್ನೇ ಬೊಗಸೆಯಲ್ಲಿಟ್ಟಳು. ಹಾಗೆ ಇಡುವಾಗ ಅವಳ ಬೆರಳು ಮುತ್ತುವಿನ ಬೆರಳಿಗೆ ತಾಗಿತು. ತಾಗಿದ್ದು ಇಬ್ಬರಿಗೂ ಗೊತ್ತಾಯಿತು.

ಮುತ್ತು ಕೈ ತೊಳೆದು, ಚೆಂಬು ಕೆಳಗಿಟ್ಟು, ಹೊಸ್ತಿಲು ದಾಟಿದಳು. ಬೆರಳು ಬಿಚ್ಚದ ಕೈಯಿಂದಲೇ ಹಿಡಿಕೆ ಹಿಡಿದಳು. ಪದ್ದು ಉಂಡೆ ಇಟ್ಟವಳೇ ಎರಡು ಹೆಜ್ಜೆ ಹಿಂದೆ ಸರಿದಳು. ಮುತ್ತು ಒತ್ತಿದಳು. ಹಿಟ್ಟು ಚುರ್ ಎಂದಿತು, ಎಲ್ಲರಿಗೂ ಅನ್ನುವ ಹಾಗೆಯೇ. ಎತ್ತುವಾಗ ಕೈ ಸೋತಿತು. ಮುಚ್ಚಳ ಅರ್ಧಕ್ಕೆ ನಿಂತು ನಡುಗತೊಡಗಿತು. ಜಲಜ ಇನ್ನೂ ಹೊಸ್ತಿಲಲ್ಲೇ ಇದ್ದಳು, ಹರಿಣಾಕ್ಷಿ ದೂರದ ಒಲೆಗೆ ಹೋಗಿದ್ದಳು. ಹತ್ತಿರ ಇದ್ದವಳು ಪದ್ದು ಒಬ್ಬಳೇ.

ಪದ್ದು ಅತ್ತ ಇತ್ತ ನೋಡಿದಳು. ಬಾಯಲ್ಲಿ ಏನೋ ಗೊಣಗಿದಳು, ಬೈದಳೋ ದೇವರನ್ನು ಕರೆದಳೋ. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು, ಮುತ್ತುವಿನ ಕೈಯ ಪಕ್ಕದಲ್ಲೇ ತನ್ನ ಕೈಯಿಟ್ಟು ಮುಚ್ಚಳ ಎತ್ತಿದಳು.